ನೀರುಗಂಟಿಯ ಬೈಕಿಗೆ ಹೊಸ ಸ್ಪ್ರಿಂಗು

ಭಾನುವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ವೃಷಭೇಂದ್ರಪ್ಪ ಮೇಷ್ಟ್ರು ಪಕ್ಕದ ಮನೆಯ ಗವಿರಂಗಯ್ಯನ ಮೋಟಾರ್ ಬೈಕಿನ ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಎರಡು ಹೊಸ ಸ್ಪ್ರಿಂಗು ಹಾಕಿ ಮುಗಿಸಿದರು. ಒಂದೊಂದರ ಉದ್ದ ನಲವತ್ತಮೂರು ಸೆಂಟಿಮೀಟರ್, ಸುರುಳಿ ಐವತ್ತನಾಲ್ಕು. ಹಳೆಯ ಸ್ಪ್ರಿಂಗನ್ನೇ ಹಿತ್ತಿಲ ಕುಲುಮೆಯಲ್ಲಿ ಕರಗಿಸಿ, ಅದಕ್ಕೆ ಇನ್ನೇನೋ ಎರಡು ಲೋಹ ಬೆರೆಸಿ, ತಾವೇ ಸುತ್ತಿದ್ದು. ಕೈಗೆ ಮೆತ್ತಿದ್ದ ಫೋರ್ಕ್ ಆಯಿಲನ್ನು ಲುಂಗಿಗೆ ಒರೆಸಿಕೊಂಡು ಅವರು ಕಾಂಪೌಂಡಿನ ಆಚೆಗೆ ಕೂಗಿದರು.

“ರಂಗಯ್ಯಾ, ಬಾ. ಕಾಫಿ ಇದ್ರೆ ಲೋಟದ ಸಮೇತ ಬಾ. ತುಂಬಾ ತುಂಬಿರ್ಲಿ.”

ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ವರ್ಕ್‌ಶಾಪ್ ಕಲಿಸಿ ನಿವೃತ್ತರಾದವರು. ಆಮೇಲೆ ಏನೇನೋ ಕಂಡುಹಿಡಿಯುತ್ತಿದ್ದರು. ಹನಿ ಬಿದ್ದರೆ ತಾನಾಗಿ ಬಿಚ್ಚಿಕೊಳ್ಳುವ ಕೊಡೆ ಅವರದೇ. ಪಕ್ಕದವರು ಸೀನಿದ್ದಕ್ಕೆ ಅದು ಸಿಟಿ ಬಸ್ಸಿನೊಳಗೆ ಬಿಚ್ಚಿಕೊಂಡು ಕಂಡಕ್ಟರನ ಟಿಕೆಟ್ ಮೆಷಿನ್ನನ್ನು ಕಿಟಕಿಯಿಂದಾಚೆ ಕಳಿಸಿತ್ತು. ಗವಿರಂಗಯ್ಯ ಆ ಬಸ್ಸಿನಲ್ಲಿದ್ದ. ಆದರೂ ಬೈಕನ್ನು ಮೇಷ್ಟ್ರ ಕೈಗೇ ಕೊಟ್ಟಿದ್ದ. ಅವನಿಗೆ ಬೇರೆ ದಾರಿ ಇರಲಿಲ್ಲ.

ಬೈಕಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ನೋಂದಣಿ ನವೀಕರಣಕ್ಕೆಂದು ಎರಡು ದಿನದ ಹಿಂದೆ, ಶುಕ್ರವಾರ, ವಾಹನ ಪರೀಕ್ಷಾ ಮೈದಾನಕ್ಕೆ ಒಯ್ದಿದ್ದ. ಇನ್ಸ್‌ಪೆಕ್ಟರ್ ಸುಕನ್ಯಾ ಮೇಡಂ ಹತ್ತು ಕಲಮುಗಳಲ್ಲಿ ಒಂಬತ್ತಕ್ಕೆ ಸರಿ ಹಾಕಿ, ಏಳನೆಯದಕ್ಕೆ ‘ಬ್ರೇಕ್ ಹಾಕಿದರೆ ಮುಂಭಾಗ ಕುಸಿಯುತ್ತದೆ’ ಎಂದು ಬರೆದು ಎರಡು ವಾರದ ಗಡುವು ಕೊಟ್ಟರು. ಎರಡನೇ ಸಲವೂ ಫೇಲಾದರೆ ಬೈಕು ಗುಜರಿಗೆ. ಆ ಕಂಪನಿ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ತುಮಕೂರಿನ ಯಾವ ಅಂಗಡಿಯಲ್ಲೂ ಅದರ ಸ್ಪ್ರಿಂಗು ಸಿಗಲಿಲ್ಲ.

ಗವಿರಂಗಯ್ಯ ನೀರುಗಂಟಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಹೊರಟು ಹದಿನೇಳು ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ಅವನ ಕೆಲಸ. ವಾಲ್ವಿನ ಕೀಲಿ ಐದಡಿ ಉದ್ದದ ಕಬ್ಬಿಣದ ಸಲಾಕೆ. ಅದನ್ನು ಸಿಕ್ಕಿಸಲು ಬೈಕಿನ ಬಲಗಡೆಗೆ ಎರಡು ಕೊಂಡಿ ಬೆಸೆಸಿದ್ದ. ಬೈಕಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಬೀದಿಯುದ್ದಕ್ಕೂ ಕೊಡಗಳು ಹೊರಗೆ ಬರುತ್ತಿದ್ದವು. ಆ ಬೈಕಿಲ್ಲದ ಗವಿರಂಗಯ್ಯನನ್ನು ಬೀದಿನಾಯಿಗಳೂ ಗುರುತಿಸುವುದು ಅನುಮಾನವಾಗಿತ್ತು.

ಅವನ ಹೆಂಡತಿ ಗಂಗರತ್ನಮ್ಮನಿಗೆ ಈ ಅನುಮಾನ ಇರಲಿಲ್ಲ. ಆಕೆಗೆ ಗೇರಿಲ್ಲದ ಸ್ಕೂಟರು ಬೇಕಿತ್ತು.

“ಆ ಸಲಾಕೇನ ಸ್ಕೂಟರಲ್ಲಿ ಎಲ್ಲಿಗೆ ಸಿಗಿಸ್ಲಿ?” ಎಂದು ಗವಿರಂಗಯ್ಯ ಕೇಳಿದರೆ, “ನೀವ್ ಹಿಡ್ಕೊಂಡು ಹಿಂದೆ ಕೂತ್ಕೊಳಿ, ನಾನ್ ಓಡಿಸ್ತೀನಿ” ಎನ್ನುತ್ತಿದ್ದಳು.

ಮೇಷ್ಟ್ರು ಕಾಫಿ ಲೋಟವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟರು. ಅಂಗಳದಲ್ಲಿ ಒಂದು ಇಟ್ಟಿಗೆ ಇಟ್ಟರು.

“ಸಾದಾ ಶಾಕಪ್ಪು ಗುಂಡಿಗೆ ಬಿದ್ಮೇಲೆ ಕುಗ್ಗುತ್ತೆ. ಅಷ್ಟೊತ್ತಿಗೆ ನಿನ್ನ ಸೊಂಟಕ್ಕೆ ಸುದ್ದಿ ಮುಟ್ಟಿರುತ್ತೆ. ಇದು ಹಂಗಲ್ಲ. ಹೆಡ್‌ಲೈಟೊಳಗೆ ಒಂದು ಕಣ್ಣಿಟ್ಟಿದ್ದೀನಿ, ಹಳೇ ಮೊಬೈಲಿನ ಕ್ಯಾಮೆರಾ. ಟ್ಯಾಂಕಿನ ಕೆಳಗೆ ಈ ಡಬ್ಬಿ. ಏನು ಕಂಡಾಗ ಮುಂಭಾಗ ಬಗ್ತು ಅನ್ನೋದನ್ನ ಡಬ್ಬಿ ನೆನಪಿಟ್ಕೊಳುತ್ತೆ. ಮುಂದಿನ್ಸಲ ಅಂಥದ್ದೇ ಕಂಡ್ರೆ, ಬೀಳೋಕೆ ಮುಂಚೆನೇ ಸ್ಪ್ರಿಂಗಿಗೆ ಕರೆಂಟ್ ಕೊಟ್ಟು ಬಗ್ಗಿಸುತ್ತೆ. ಗುಂಡಿಗೆ ಗೊತ್ತಾಗೋದ್ರೊಳಗೆ ನೀನು ದಾಟಿರ್ತೀಯ.”

ಇಟ್ಟಿಗೆಯ ಮೇಲೆ ಬೈಕನ್ನು ಹನ್ನೊಂದು ಸಲ ತಳ್ಳಿ ಕಲಿಸಿಯಾಗಿತ್ತಂತೆ. ಹನ್ನೆರಡನೇ ಸಲ ಗವಿರಂಗಯ್ಯನ ಕಣ್ಣೆದುರು ತಳ್ಳಿದರು. ಫೋರ್ಕು ಬೆಕ್ಕಿನಂತೆ ಮುದುಡಿ, ಇಟ್ಟಿಗೆಯನ್ನು ಹತ್ತಿ, ಇಳಿಯಿತು. ಲೋಟದಿಂದ ಒಂದು ತೊಟ್ಟೂ ಚೆಲ್ಲಲಿಲ್ಲ.

“ಇನ್ನು ಇಟ್ಟಿಗೆ ಮರೆಸಿಬಿಡ್ತೀನಿ. ಈಗಿದು ಹಸುಗೂಸು. ನಾಳೆಯಿಂದ ಏಳು ದಿನ ನೀನು ದಿನಾ ಹೋಗೋ ಹಂಗೇ ಹೋಗು. ಅದು ಕಲಿತ್ಕೊಳುತ್ತೆ. ಏಳನೇ ದಿನ ರಾತ್ರಿ ಬೀಗ ಬೀಳುತ್ತೆ. ಆಮೇಲೆ ಕಲಿತದ್ದನ್ನ ಮರೆಯೋಲ್ಲ.”

“ದಿನಾ ಹೋಗೋ ಹಂಗೇನೇ?”

“ಒಂಚೂರೂ ಬದಲಾಯಿಸ್ಬೇಡ.”

ಗವಿರಂಗಯ್ಯ ಬದಲಾಯಿಸಲಿಲ್ಲ. ಸೋಮವಾರದಿಂದ ಭಾನುವಾರದವರೆಗೆ, ದಿನಕ್ಕೆ ಹನ್ನೊಂದು ಕಿಲೋಮೀಟರ್, ಎಂದಿನಂತೆಯೇ ಓಡಿಸಿದ. ಎಂದಿನಂತೆ ಎಂದರೆ ಹೀಗೆ: ಆ ದಾರಿಯಲ್ಲಿ ಒಟ್ಟು ಅರವತ್ತೆರಡು ಗುಂಡಿ. ಅವುಗಳಲ್ಲಿ ನಲವತ್ತನ್ನು ಪೈಪು ಸರಿಮಾಡಲು ಸ್ವತಃ ನಿಂತು ಅಗೆಸಿದವನು ಅವನೇ. ಯಾವುದು ಎಲ್ಲಿದೆ, ಎಷ್ಟು ಆಳ, ಯಾವ ಮಳೆಗೆ ಎಷ್ಟು ಅಗಲವಾಗಿದೆ ಎಲ್ಲ ಗೊತ್ತು. ಕತ್ತಲಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಪ್ಪಿಸಿಕೊಂಡು ಹೋಗುವನು. ಏಳು ದಿನದಲ್ಲಿ ಅವನ ಚಕ್ರ ಒಂದು ಗುಂಡಿಗೂ ಇಳಿಯಲಿಲ್ಲ.

ಅದೇ ದಾರಿಯಲ್ಲಿ ಇಪ್ಪತ್ಮೂರು ಗುಡಿಗಳಿದ್ದವು. ಗುಡಿ ಎಂದರೆ ಎಲ್ಲವೂ ಗೋಪುರದವಲ್ಲ. ಮರದ ಬುಡದ ಕಲ್ಲು, ಗೋಡೆಯ ಗೂಡು, ಚರಂಡಿ ಪಕ್ಕದ ಮಾರಮ್ಮ, ಅರಿಶಿನ ಕುಂಕುಮ ಬಿದ್ದದ್ದೆಲ್ಲ ಅವನ ಲೆಕ್ಕಕ್ಕೆ ಬರುತ್ತಿತ್ತು. ಪ್ರತಿಯೊಂದರ ಮುಂದೆಯೂ ಮುಂದಿನ ಬ್ರೇಕು ಅದುಮಿ, ಬಲಗೈ ಎತ್ತಿ ಎದೆಗೂ ತುಟಿಗೂ ಮುಟ್ಟಿಸಿ, ತಲೆ ಬಾಗಿಸುವನು. ಆಗೆಲ್ಲ ಫೋರ್ಕು ಬಗ್ಗುತ್ತಿತ್ತು. ಶನಿವಾರ ಮಾತ್ರ ಒಂಬತ್ತನೇ ವಾಲ್ವಿನ ಬಳಿಯ ಅಶ್ವತ್ಥಕಟ್ಟೆಗೆ ಆಳುದ್ದದ ಚೆಂಡುಹೂವಿನ ಹಾರ ಹಾಕುತ್ತಾರೆ. ಮಂಡಿನೋವು ಬಂದಮೇಲೆ ಅವನು ಆ ಕಟ್ಟೆಗೆ ಬೈಕಿನ ಮೇಲೆ ಕೂತೇ ಮೂರು ಸುತ್ತು ಹಾಕುತ್ತಿದ್ದ. ಒಂದನೇ ಗೇರಿನಲ್ಲಿ ಬಿಟ್ಟರೆ ಬೈಕು ತಾನಾಗಿ ತೆವಳುವಷ್ಟು ಐಡ್ಲಿಂಗ್ ಏರಿಸಿ, ಹ್ಯಾಂಡಲನ್ನು ಬಲಕ್ಕೆ ವಾಲಿಸಿ, ಕೈಮುಗಿದುಕೊಂಡು.

ಎಂಟನೇ ದಿನ, ಸೋಮವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಬೈಕು ತಾನಾಗಿಯೇ ಮಾರುತಿ ಗುಡಿಗೆ ನಮಸ್ಕಾರ ಮಾಡಿತು.

ಗವಿರಂಗಯ್ಯನಿಗೆ ಮೊದಲು ಸಂತೋಷವಾಯಿತು. ಬ್ರೇಕು ಮುಟ್ಟಿರಲೇ ಇಲ್ಲ. ಮುಂಭಾಗ ಮೆಲ್ಲಗೆ ಬಾಗಿ, ಒಂದು ಕ್ಷಣ ನಿಂತು, ಎದ್ದಿತು. ಎರಡನೇ ಗುಡಿಗೂ ಹಾಗೆಯೇ. ಮೂರನೆಯದಕ್ಕೂ. ಅವನ ಬಲಗೈಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಿಡುವು ಸಿಕ್ಕಿತು. ಶಾಕಪ್ಪಿನ ಇನ್ನೊಂದು ಗುಣವನ್ನೂ ನೋಡೋಣವೆಂದು ಬೇಕೆಂತಲೇ ಒಂದು ಗುಂಡಿಯ ಮೇಲೆ ಬಿಟ್ಟ. ಫೋರ್ಕು ಅಲುಗಲಿಲ್ಲ. ಅಲುಗಿದ್ದು ಗವಿರಂಗಯ್ಯನ ಕಟ್ಟಿಸಿದ ಎರಡು ಹಲ್ಲು.

ಆರನೇ ವಾಲ್ವ್ ದಾಟಿದ ಮೇಲೆ ಬೈಕು ಒಂದು ವಿದ್ಯುತ್ ಕಂಬಕ್ಕೆ ಬಗ್ಗಿತು. ಯಾರೋ ಅದಕ್ಕೆ ಕುಂಕುಮ ಹಚ್ಚಿದ್ದರು. ತುಳಸಿಕಟ್ಟೆ ಇದ್ದ ಪ್ರತಿ ಮನೆಯ ಮುಂದೆಯೂ ಬಗ್ಗಿತು. ಹಣೆತುಂಬ ಕುಂಕುಮ ಇಟ್ಟು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಅಜ್ಜಿಯೊಬ್ಬಳಿಗೂ ಬಗ್ಗಿತು. ಅಜ್ಜಿ ಹಿಟ್ಟಿನ ಕೈಯೆತ್ತಿ, “ನೂರ್ಕಾಲ ಬಾಳಪ್ಪ” ಎಂದಳು.

ಮಾರ್ಕೆಟ್ ತಿರುವಿನಲ್ಲಿ ಹೂವಿನ ಸಿದ್ದಗಂಗಮ್ಮನ ತಳ್ಳುಗಾಡಿ ನಿಂತಿತ್ತು. ಆಯುಧಪೂಜೆಗೆ ಎರಡೇ ದಿನ. ಗಾಡಿಯ ನಾಲ್ಕೂ ಕಡೆ ಆಳುದ್ದದ ಚೆಂಡುಹೂವಿನ ಹಾರ ಇಳಿಬಿದ್ದಿದ್ದವು. ಬೈಕಿನ ಬಲಗಡೆಯ ಸ್ಪ್ರಿಂಗು ಎಡಗಡೆಯದಕ್ಕಿಂತ ಎರಡು ಇಂಚು ಹೆಚ್ಚು ಕುಗ್ಗಿತು. ಹ್ಯಾಂಡಲು ಬಲಕ್ಕೆ ವಾಲಿ ಅಲ್ಲೇ ಬಿಗಿಯಿತು. ಗವಿರಂಗಯ್ಯ ಗಾಡಿಯ ಸುತ್ತ ಸುತ್ತತೊಡಗಿದ.

“ಏನ್ ನೀರ್ಗಂಟಿಯವ್ರೆ, ಬೆಳಿಗ್ಗೆ ಬೆಳಿಗ್ಗೆ ನನ್ನ ಸುತ್ತ?” ಎಂದಳು ಸಿದ್ದಗಂಗಮ್ಮ. “ನಮ್ಮೆಜಮಾನ್ರು ಟೀ ಕುಡಿಯಾಕ್ ಹೋಗವ್ರೆ. ಬರಾ ಹೊತ್ತಾತು, ಬ್ಯಾಗ ಮುಗಿಸ್ಕಳಿ.”

“ಬೈಕ್ ಸುತ್ತುತ್ತಿರೋದು ಕಣಮ್ಮ, ನಾನಲ್ಲ.”

“ಎಲ್ರೂ ಹಂಗೇ ಅನ್ನಾದು.”

ಮೂರು ಸುತ್ತಾದ ಮೇಲೆ ಬೈಕು ನೆಟ್ಟಗಾಯಿತು. ಆ ದಿನ ಹದಿನೇಳನೇ ವಾಲ್ವ್ ತೆರೆದದ್ದು ಐವತ್ತು ನಿಮಿಷ ತಡವಾಗಿ. ಕೊಡಗಳ ಸಾಲಿನಲ್ಲಿ ಅವನ ಬಗ್ಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೇಷ್ಟ್ರು ಡಬ್ಬಿಗೆ ತಂತಿ ಚುಚ್ಚಿ, ಅದರ ನೆನಪನ್ನು ಕಂಪ್ಯೂಟರಿನಲ್ಲಿ ಹತ್ತು ನಿಮಿಷ ನೋಡಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

“ರಂಗಯ್ಯ, ಇದ್ರಲ್ಲಿ ನೂರ ಅರವತ್ತೊಂದು ಗುಡಿ ಇದೆ. ಒಂದೂ ಗುಂಡಿ ಇಲ್ಲ.”

“ಗುಡಿ ಇಪ್ಪತ್ಮೂರೇ. ಏಳು ದಿನಕ್ಕೆ ಅಷ್ಟಾಗುತ್ತೆ.”

“ನಾನ್ ಕೇಳ್ತಿರೋದು ಗುಂಡಿ ಲೆಕ್ಕ. ಏಳು ದಿನಕ್ಕೆ ಒಂದೇ ಒಂದು ಗುಂಡಿಗೂ ಬೀಳಲಿಲ್ವೇನಯ್ಯ?”

“ಬೀಳೋಕೆ ನಾನೇನು ಹೊಸಬನಾ ಮೇಷ್ಟ್ರೆ?” ಗವಿರಂಗಯ್ಯನಿಗೆ ನಿಜಕ್ಕೂ ಬೇಜಾರಾಯಿತು. “ನಂಗೆ ಗುಂಡಿಗೆ ಬೀಳು ಅಂತ ನೀವು ಹೇಳ್ಲಿಲ್ಲ. ದಿನಾ ಹೋಗೋ ಹಂಗೆ ಹೋಗು ಅಂದ್ರಿ.”

“ಊರೋರೆಲ್ಲ ದಿನಾ ಬೀಳ್ತಾರೆ!”

“ಊರೋರು ಅಗೆಸಿಲ್ಲ. ನಾನು ಅಗೆಸಿದ್ದೀನಿ.”

ಕಲಿತದ್ದನ್ನು ಮರೆಸಲು ಬೀಗ ಒಡೆಯಬೇಕು, ಮತ್ತೆ ಏಳು ದಿನ ಬೇಕು. ಪರೀಕ್ಷೆ ಶುಕ್ರವಾರ, ಉಳಿದಿದ್ದು ನಾಲ್ಕು ದಿನ. ಹಳೆಯ ಸ್ಪ್ರಿಂಗು ಹಾಕೋಣವೆಂದರೆ ಅದೇ ಕರಗಿ ಇದಾಗಿತ್ತು. ಕೊನೆಗೆ ಮೇಷ್ಟ್ರು ಹೆಡ್‌ಲೈಟಿನ ಗಾಜಿನ ಮೇಲೆ, ಕಣ್ಣಿರುವ ಜಾಗಕ್ಕೆ, ಎರಡಿಂಚು ಕಪ್ಪು ಟೇಪು ಅಂಟಿಸಿದರು. ಬೈಕಿಗೆ ಏನೂ ಕಾಣದಾಯಿತು. ಸ್ಪ್ರಿಂಗುಗಳು ಸಾದಾ ಸ್ಪ್ರಿಂಗಿನಂತೆ ನಡೆದುಕೊಂಡವು. ಬ್ರೇಕು ಹಾಕಿದರೆ ಫೋರ್ಕು ಹದವಾಗಿ ಬಾಗಿ ಹದವಾಗಿ ಎದ್ದಿತು. ಪಾಸಾಗಲು ಅಷ್ಟೇ ಸಾಕಿತ್ತು.

“ಅಷ್ಟೇ ಸಾಕು ಅನ್ನೋ ಹಂಗಿದ್ರೆ ಕಣ್ಣು ಯಾಕೆ ಇಟ್ರಿ ಮೇಷ್ಟ್ರೆ?” ಎಂದಳು ಗಂಗರತ್ನಮ್ಮ.

“ವಿಜ್ಞಾನ ಕಣಮ್ಮ.”

“ಸ್ಕೂಟರಿಗೆ ಕಣ್ಣಿರಲ್ಲ, ನೋಡಿ.”

ಬುಧವಾರ ಆಯುಧಪೂಜೆ. ಸ್ಕೂಟರು ಬೇಕೆಂದವಳು ಎಂದು ಗಂಗರತ್ನಮ್ಮ ಬೈಕಿನ ಪೂಜೆಯಲ್ಲಿ ಕಡಿಮೆ ಮಾಡಲಿಲ್ಲ. ತೊಳೆದಳು, ಅರಿಶಿನ ಕುಂಕುಮ ಹಚ್ಚಿದಳು, ಹೆಡ್‌ಲೈಟಿನ ಸುತ್ತ ಚೆಂಡುಹೂವಿನ ದಪ್ಪ ಹಾರ ಹಾಕಿದಳು. “ಇದೇ ಕೊನೇ ಪೂಜೆ ಇರ್ಬೌದು, ಚೆನ್ನಾಗೇ ಆಗ್ಲಿ” ಎಂದಳು. ಗವಿರಂಗಯ್ಯ ವಾಲ್ವಿನ ಸಲಾಕೆಗೂ ಒಂದು ಬೊಟ್ಟು ಇಟ್ಟ.

ಶುಕ್ರವಾರ ಹನ್ನೊಂದೂವರೆಗೆ ಅವನೂ ಮೇಷ್ಟ್ರೂ ಪರೀಕ್ಷಾ ಮೈದಾನದ ಗೇಟು ದಾಟಿದರು. ವಿಜಯದಶಮಿಯ ರಜೆ ಮುಗಿದ ಮರುದಿನ. ಸಾಲಿನಲ್ಲಿ ಎರಡು ಲಾರಿ, ಒಂದು ಶಾಲಾ ಬಸ್ಸು, ಒಂದು ಟ್ರ್ಯಾಕ್ಟರು, ಎರಡು ಆಟೋ, ಒಂದು ಕಾರು ನಿಂತಿದ್ದವು. ಎಲ್ಲದಕ್ಕೂ ಬಾಳೆಕಂದು, ಕುಂಕುಮ, ಆಳುದ್ದದ ಹಾರ. ಕಚೇರಿಯ ಜೀಪಿಗೆ ಸಿಬ್ಬಂದಿ ಎರಡು ಹಾರ ಹಾಕಿದ್ದರು.

ಮೇಷ್ಟ್ರು ಗವಿರಂಗಯ್ಯನ ತೋಳು ಹಿಡಿದರು. “ಟೇಪು ಗಟ್ಟಿಯಾಗಿದೆ ತಾನೆ?”

“ಬೆಳಿಗ್ಗೆ ಇನ್ನೊಂದು ಪಟ್ಟಿ ಹಾಕಿದ್ದೀನಿ.”

ಸುಕನ್ಯಾ ಮೇಡಂ ಹಲಗೆಗೆ ಸಿಕ್ಕಿಸಿದ ಫಾರಂ ಹಿಡಿದು ಬಂದರು. ನಲವತ್ತು ದಾಟಿದ, ಐದಡಿಗಿಂತ ಒಂದಿಂಚು ಕಡಿಮೆ ಎತ್ತರದ, ಕಲಮು ಬಿಡದೆ ನೋಡುವ ಅಧಿಕಾರಿ. ಹಾರನ್ ಒತ್ತಿಸಿದರು. ಟೈರು ನೋಡಿದರು. ನಾಲ್ಕನೇ ಕಲಮು ಹೆಡ್‌ಲೈಟು.

“ಗಾಜು ಒಡೆದಿದೆಯಾ? ಟೇಪ್ ಯಾಕೆ?”

“ಒಡೆದಿಲ್ಲ ಮೇಡಂ. ಸುಮ್ನೆ.”

“ಸುಮ್ನೆ ಯಾರಾದ್ರೂ ಲೈಟಿಗೆ ಟೇಪ್ ಹಾಕ್ತಾರಾ?”

ಗವಿರಂಗಯ್ಯ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಶಾಲಾ ಬಸ್ಸಿನ ಬೋರ್ಡು ಓದುತ್ತಿದ್ದರು. ಮೇಡಂ ಉಗುರಿನಿಂದ ಟೇಪಿನ ಎರಡೂ ಪಟ್ಟಿ ಕಿತ್ತರು. ಆಗ ಬೈಕಿನ ಮುಖ ಕಾಂಪೌಂಡಿನ ಖಾಲಿ ಗೋಡೆಯ ಕಡೆಗಿತ್ತು, ಆದ್ದರಿಂದ ಏನೂ ಆಗಲಿಲ್ಲ. ಲೈಟು ಹತ್ತಿತು. ನಾಲ್ಕನೇ ಕಲಮಿಗೂ ಸರಿ ಬಿತ್ತು.

“ಏಳನೇದು ನಾನೇ ಓಡಿಸಿ ನೋಡ್ತೀನಿ. ಹೋದ್ಸಲ ನಿಮ್ಮ ಮಾತು ನಂಬಿ ಸೊಂಟ ಉಳುಕಿತ್ತು” ಎಂದು ಮೇಡಂ ಬೈಕು ಹತ್ತಿದರು.

“ಮೇಡಂ, ಆ ಗೋಡೆ ಕಡೆಗೇ ಹೋಗಿ ಬನ್ನಿ” ಎಂದ ಗವಿರಂಗಯ್ಯ.

“ಟ್ರ್ಯಾಕ್ ಇರೋದು ಈ ಕಡೆ.”

ಒಂದನೇ ಗೇರು ಹಾಕಿ ತಿರುಗಿಸಿದರು. ಎದುರಿಗೆ ಅವರದೇ ಜೀಪು.

ಬೈಕು ಬಗ್ಗಿತು. ಮುಂಭಾಗ ಇಳಿದು ಹಿಂಭಾಗ ಎದ್ದದ್ದರಿಂದ ಮೇಡಂ ಸೀಟಿನಿಂದ ಜಾರಿ ಟ್ಯಾಂಕಿನ ಮೇಲೆ ಬಂದು ಕೂತರು. ಕಾಲಿನ ಬ್ರೇಕು ಒಂದಡಿ ಹಿಂದೆ ಉಳಿಯಿತು. ಕೈಬ್ರೇಕು ಹಿಡಿದರೆ ಇನ್ನಷ್ಟು ಬಗ್ಗುತ್ತಿತ್ತು. ಕ್ಲಚ್ಚು ಹಿಡಿದು ನಿಲ್ಲಿಸೋಣವೆಂದರೆ ಕಾಲು ನೆಲಕ್ಕೆ ಎಟುಕದೆ ಬೈಕಿನ ಸಮೇತ ಬೀಳುವುದು ಖಚಿತ. ಇಷ್ಟನ್ನೂ ಲೆಕ್ಕ ಹಾಕಿದ ಮೇಡಂ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ಕೂತರು. ಹ್ಯಾಂಡಲು ಬಲಕ್ಕೆ ವಾಲಿ ಬಿಗಿದಿತ್ತು. ಬೈಕು ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಜೀಪಿನ ಸುತ್ತ ಪ್ರದಕ್ಷಿಣೆ ಹೊರಟಿತು.

“ಇದೇನ್ರೀ?” ಎಂದರು ಮೇಡಂ ಮೊದಲ ಸುತ್ತಿನಲ್ಲಿ.

“ಮೂರಕ್ಕೆ ನಿಲ್ಲುತ್ತೆ ಮೇಡಂ” ಎಂದ ಗವಿರಂಗಯ್ಯ, ಪಕ್ಕದಲ್ಲೇ ಓಡುತ್ತ.

ಮೂರಕ್ಕೆ ಸುತ್ತು ನಿಂತಿತು, ಬೈಕು ನಿಲ್ಲಲಿಲ್ಲ. ಹ್ಯಾಂಡಲು ನೆಟ್ಟಗಾಯಿತು. ಎದುರಿಗೆ ಮೊದಲ ಲಾರಿ.

ಲಾರಿಗೆ ಮೂರು ಸುತ್ತು. ಎರಡನೇ ಲಾರಿಗೆ ಮೂರು. ಮೂರನೇ ವಾಹನದ ಹೊತ್ತಿಗೆ ಡ್ರೈವರುಗಳು ಕೆಳಗಿಳಿದು ದಾರಿ ಬಿಟ್ಟು ನಿಂತಿದ್ದರು. “ಮೇಡಂದು ಹರಕೆ ಇರ್ಬೇಕು” ಎಂದ ಒಬ್ಬ. “ಟ್ರಾನ್ಸ್‌ಫರ್ ಆಗಿರ್ಬೇಕು ಕಣೋ, ಅದಕ್ಕೇ” ಎಂದ ಇನ್ನೊಬ್ಬ. ಟ್ರ್ಯಾಕ್ಟರಿನವನು ತನ್ನ ಟ್ರ್ಯಾಕ್ಟರಿಗೆ ಮೂರನೇ ಸುತ್ತು ಮುಗಿದಾಗ ಚಪ್ಪಲಿ ಬಿಟ್ಟು ಕೈಮುಗಿದ. ಅಧಿಕಾರಿಯೊಬ್ಬರು ಅವನ ವಾಹನಕ್ಕೆ ಇಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು.

“ಮೇಷ್ಟ್ರೆ, ಏನಾದ್ರೂ ಮಾಡಿ” ಎಂದು ಗವಿರಂಗಯ್ಯ ಏದುಸಿರಿನಲ್ಲಿ ಕೇಳಿದ. “ನನ್ನ ಬೈಕ್ ಗುಜರಿಗೆ ಹೋಗುತ್ತೆ.”

“ನೋಡ್ತಿರು, ಲಾರಿಗೂ ಆಟೋಗೂ ವ್ಯಾಸ ತಾನೇ ಹೊಂದಿಸ್ಕೊಳ್ತಿದೆ” ಎಂದರು ಮೇಷ್ಟ್ರು. ಅವರ ಕಣ್ಣು ತುಂಬಿ ಬಂದಿತ್ತು. “ಇದನ್ನ ನಾನು ಕಲಿಸೇ ಇರ್ಲಿಲ್ಲ.”

ಎಂಟು ವಾಹನ, ಇಪ್ಪತ್ನಾಲ್ಕು ಸುತ್ತು, ಒಂಬತ್ತು ನಿಮಿಷ. ಕೊನೆಯ ಕಾರಿನ ಸುತ್ತಿನಿಂದ ಬಿಡಿಸಿಕೊಂಡ ಬೈಕಿಗೆ ಮುಂದೆ ಯಾವ ವಾಹನವೂ ಉಳಿದಿರಲಿಲ್ಲ. ಗವಿರಂಗಯ್ಯ ನಿಟ್ಟುಸಿರು ಬಿಟ್ಟ. ಬೈಕು ನೇರವಾಗಿ ಕಚೇರಿಯ ಬಾಗಿಲ ಕಡೆಗೆ ತೆವಳಿತು. ಬಾಗಿಲು ಕಪ್ಪು ಗಾಜಿನದು. ಗಾಜಿನಲ್ಲಿ ಕುಂಕುಮ ಹಚ್ಚಿದ, ದಪ್ಪ ಹಾರ ಹಾಕಿದ ಒಂದು ಬೈಕು ಎದುರಿಗೆ ಬರುತ್ತಿತ್ತು.

ಎರಡೂ ಬೈಕುಗಳು ಏಕಕಾಲಕ್ಕೆ ಬಗ್ಗಿದವು. ಗಾಜಿನೊಳಗಿನ ಬೈಕಿನ ಸುತ್ತ ಹೋಗಲು ದಾರಿ ಇರಲಿಲ್ಲ. ಡಬ್ಬಿ ಮೂರು ಸೆಕೆಂಡು ಯೋಚಿಸಿತು. ಆಮೇಲೆ ಮುಂದಿನ ಚಕ್ರವನ್ನು ಕೈವಾರದ ಮುಳ್ಳಿನಂತೆ ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಅದರ ಸುತ್ತ ತಿರುಗಿಸಿತು. ಬೈಕು ನಿಂತಲ್ಲೇ ಆತ್ಮಪ್ರದಕ್ಷಿಣೆ ಹಾಕಿತು. ಒಂದು, ಎರಡು, ಮೂರು. ಮೂರನೆಯದು ಮುಗಿದಾಗ ಎರಡೂ ಸ್ಪ್ರಿಂಗು ಐವತ್ತನಾಲ್ಕು ಸುರುಳಿಯನ್ನೂ ಒಂದಕ್ಕೊಂದು ಅಂಟಿಸಿಕೊಂಡು ಪೂರ್ತಿ ಕೂತವು. ಡಬ್ಬಿಯಿಂದ ಸುಟ್ಟ ವಾಸನೆ ಬಂತು. ಎಂಜಿನ್ ನಿಂತಿತು. ಬೈಕು ಮಾತ್ರ ಬೀಳಲಿಲ್ಲ. ಹೆಡ್‌ಲೈಟು ಹೊಸಿಲಿಗೆ ತಾಗುವಷ್ಟು ಬಾಗಿ, ಸೈಡಿನ ಸಲಾಕೆಯ ಕೊಂಡಿಯನ್ನು ಊರುಗೋಲಿನಂತೆ ನೆಲಕ್ಕೆ ಕೊಟ್ಟು ನಿಂತಿತು. ಅಷ್ಟು ತಗ್ಗಿದ್ದರಿಂದ ಮೇಡಂ ಕಾಲು ನೆಲಕ್ಕೆ ಎಟುಕಿತು. ಇಳಿದರು.

ಮೇಡಂ ಗೋಡೆ ಹಿಡಿದು ಎರಡು ನಿಮಿಷ ನಿಂತರು. ಆಮೇಲೆ ಹಲಗೆ ಕೇಳಿ ತರಿಸಿಕೊಂಡರು. ಗವಿರಂಗಯ್ಯ ಅವರ ಪೆನ್ನಿನ ತುದಿಯನ್ನೇ ನೋಡುತ್ತಿದ್ದ.

“ಹೋದ್ಸಲ ನಾನು ಏನು ಬರೆದಿದ್ದೆ?”

“ಬ್ರೇಕ್ ಹಾಕಿದ್ರೆ ಮುಂದಕ್ಕೆ ಕುಸಿಯುತ್ತೆ ಅಂತ.”

“ಈಗ?”

ಗವಿರಂಗಯ್ಯ ಬೈಕನ್ನು ನೋಡಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಇನ್ನು ಕುಸಿಯೋಕೆ ಜಾಗ ಇಲ್ಲ ಮೇಡಂ.”

ಮೇಡಂ ಹ್ಯಾಂಡಲಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಹಾಕಿ ಮೂರು ಸಲ ಒತ್ತಿದರು. ಒಂದು ಮಿಲಿಮೀಟರೂ ಇಳಿಯಲಿಲ್ಲ. ಎಣ್ಣೆ ಸೋರಿರಲಿಲ್ಲ. ಸದ್ದೂ ಬರಲಿಲ್ಲ. ಫಾರಮ್ಮಿನ ಏಳನೇ ಕಲಮು ಕೇಳುತ್ತಿದ್ದದ್ದು ಆ ಮೂರನ್ನೇ.

“ಇದನ್ನ ಫೇಲ್ ಮಾಡಿದ್ರೆ ಬೈಕ್ ಗುಜರಿಗೆ” ಎಂದರು ಮೇಡಂ, ತಮ್ಮಷ್ಟಕ್ಕೆ ತಾವೇ. “ನೀವು ಮೇಲ್ಮನವಿ ಹಾಕ್ತೀರಿ.”

“ಹಾಕ್ಲೇಬೇಕು ಮೇಡಂ. ನನ್ನ ಸಲಾಕೆ ಬೇರೆ ಯಾವ ಗಾಡೀಲೂ ಕೂರಲ್ಲ.”

“ಮೇಲ್ಮನವಿ ಹಾಕಿದ್ರೆ ಮರುಪರೀಕ್ಷೆ. ಈ ಜಿಲ್ಲೇಲಿ ದ್ವಿಚಕ್ರ ವಾಹನದ ಮರುಪರೀಕ್ಷೆ ಮಾಡೋದು ಯಾರು ಗೊತ್ತಾ?”

“ಗೊತ್ತಿಲ್ಲ ಮೇಡಂ.”

“ನಾನೇ.”

ಮೇಡಂ ಏಳನೇ ಕಲಮಿಗೆ ಸರಿ ಹಾಕಿದರು. ಕೆಳಗೆ ‘ಸಾದಾ ಸ್ಪ್ರಿಂಗು ಹಾಕಿಸಿದ ಮೇಲಷ್ಟೇ ರಸ್ತೆಗೆ’ ಎಂದು ಎರಡು ಗೆರೆ ಎಳೆದು ಬರೆದರು. ಐದು ವರ್ಷಕ್ಕೆ ನವೀಕರಣ. ಸಹಿ ಮಾಡಿ, ಫಾರಮನ್ನು ಗವಿರಂಗಯ್ಯನ ಕೈಗಿತ್ತು, ಬೈಕಿಗೆ ಬೆನ್ನು ತೋರಿಸದೆ ಹಿಂದಕ್ಕೇ ಹೆಜ್ಜೆಯಿಟ್ಟು ಒಳಗೆ ಹೋದರು.

ಗೇಟಿನಾಚೆ ಕೂತಿದ್ದ ಮೆಕ್ಯಾನಿಕ್ ಬೇರೊಂದು ಕಂಪನಿಯ ಸ್ಪ್ರಿಂಗನ್ನು ಮೇಲೆರಡು ವಾಷರ್ ಕೊಟ್ಟು ಹಾಕಿದ. ಅಳತೆ ಸರಿಹೋಯಿತು. ಕೆಲಸ ಇಪ್ಪತ್ತೈದು ನಿಮಿಷದ್ದು. ಮೇಷ್ಟ್ರು ಅದನ್ನು ಪೂರ್ತಿ ನೋಡಲಿಲ್ಲ. ಸುಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಲಾರಿಯ ಸುತ್ತಿನ ವ್ಯಾಸವನ್ನು ಅದು ಹೇಗೆ ಲೆಕ್ಕ ಹಾಕಿತೆಂದು ಬೀಡಿಕಟ್ಟಿನ ಕಾಗದದ ಮೇಲೆ ಬರೆಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷಾ ಮೈದಾನದ ಗೇಟಿಗೆ ಹೊಸ ಬೋರ್ಡು ಬಿತ್ತು. ಹಾರ ಹಾಕಿದ ವಾಹನಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ಅದರಲ್ಲಿ ಬರೆದಿತ್ತು.